ಡ್ರಮ್ಮುಗಳ ನಡುವೆ ಹೋಮ್‌ವರ್ಕ್

ಮಕ್ಕಳಿಗೆ ಹೋಮ್‌ವರ್ಕ್ ಮಾಡುವ ಅಭ್ಯಾಸ ಹಿಡಿಸುವುದು ಹೇಗೆಂದು ತಿಳಿಯಬೇಕಾದರೆ ಮಕ್ಕಳಿಲ್ಲದವರನ್ನು ಕೇಳಬೇಕು. ಅವರಿಗೆ ಎಲ್ಲವೂ ಸ್ಪಷ್ಟವಾಗಿ ಗೊತ್ತಿರುತ್ತದೆ. ಅವರ ನಂತರದ ಸ್ಥಾನ ಮಕ್ಕಳು ಬೆಳೆದು ಕೆಲಸಕ್ಕೆ ಸೇರಿದವರದು. ತಮ್ಮ ಮಕ್ಕಳು ಯಾರೂ ಹೇಳದೆಯೇ ಪುಸ್ತಕ ಹಿಡಿದು ಕೂರುತ್ತಿದ್ದರೆಂಬುದು ಅವರಿಗೆ ಈಗ ಬಹಳ ಚೆನ್ನಾಗಿ ನೆನಪಿರುತ್ತದೆ. ನಾಲ್ಕನೇ ಕ್ಲಾಸಿನ ಮಗುವೊಂದನ್ನು ನಿಜವಾಗಿ ಮನೆಯಲ್ಲಿಟ್ಟುಕೊಂಡಿರುವ ನನ್ನಂಥವರಿಗೆ ಈ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕೇ ಇಲ್ಲ. ನಾವು ಕೇಳಿಸಿಕೊಳ್ಳುವವರು. ಆದರೂ ಇವತ್ತು ಧೈರ್ಯ ಮಾಡಿ ಬಾಯಿ ತೆರೆಯುತ್ತಿದ್ದೇನೆ, ಏಕೆಂದರೆ ನಾನು ಗೆದ್ದಿದ್ದೇನೆ. ಜೀವನದಲ್ಲಿ ಗೆದ್ದ ಸಂದರ್ಭಗಳು ಹೆಚ್ಚಿಲ್ಲದವನು ಗೆದ್ದಾಗ ಸುಮ್ಮನಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಗೆದ್ದದ್ದು ಎಂಥ ಕಾಲದಲ್ಲಿ ಎಂಬುದನ್ನೂ ನೀವು ಗಮನಿಸಬೇಕು. ಕಚ್ಚಾ ಎಣ್ಣೆಯ ಬೆಲೆ ಬಿದ್ದುಹೋಗಿರುವ ವರ್ಷವಿದು. ಒಮಾನಿನಲ್ಲಿ ಬೆಳಿಗ್ಗೆ ಎದ್ದವರು ದೇವರ ಮುಖ ನೋಡುವುದಕ್ಕೆ ಮೊದಲು ಮೊಬೈಲಿನಲ್ಲಿ ಬ್ಯಾರಲ್ಲಿನ ಬೆಲೆ ನೋಡುತ್ತಾರೆ. ಮನೆಯಲ್ಲಿ ಹನಿ ಪೆಟ್ರೋಲೂ ಇಟ್ಟುಕೊಳ್ಳದ ನಾನೂ ನೋಡುತ್ತೇನೆ. ನಾನು ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಪ್ಲಾನಿಂಗ್ ಇಂಜಿನಿಯರ್. ಅಂದರೆ ಯಾವ ಕೆಲಸ ಯಾವ ದಿನ ಶುರುವಾಗಿ ಯಾವ ದಿನ ಮುಗಿಯಬೇಕೆಂದು ಬಣ್ಣಬಣ್ಣದ ಗೆರೆಗಳಲ್ಲಿ ಬರೆದುಕೊಡುವವನು. ಆ ಗೆರೆಗಳ ಪ್ರಕಾರ ಯಾವ ಕೆಲಸವೂ ಇದುವರೆಗೆ ಮುಗಿದಿಲ್ಲ, ಅದು ಬೇರೆ ವಿಷಯ. ಎಣ್ಣೆ ಬಿದ್ದ ಮೇಲೆ ಕೆಲಸಗಳು ಶುರುವಾಗುವುದೂ ನಿಂತುಹೋಯಿತು. ಆಫೀಸಿನಲ್ಲಿ ಓವರ್‌ಟೈಮ್ ನಿಂತಿತು, ಕಲರ್ ಪ್ರಿಂಟ್ ನಿಂತಿತು, ಮೂರು ಗಂಟೆಯ ಮೇಲೆ ಏಸಿ ನಿಂತಿತು. ಏಸಿ ನಿಂತ ಮೇಲೆ ಒಮಾನಿನಲ್ಲಿ ಯಾರನ್ನೂ ಮನೆಗೆ ಹೋಗಿ ಎಂದು ಹೇಳಬೇಕಾಗಿಲ್ಲ. ಸೂರ್ಯ ಮುಳುಗಿದ ಮೇಲಷ್ಟೇ ಮನೆಯ ಬಾಗಿಲು ಕಾಣುತ್ತಿದ್ದ ನಾನು ಅಲ್ ಮಬೇಲಾದ ನಮ್ಮ ಫ್ಲಾಟಿಗೆ ಹಗಲುಹೊತ್ತಿನಲ್ಲೇ ಬಂದು ಕೂರುವಂತಾಯಿತು.

ಇತ್ತ ನನ್ನ ಹೆಂಡತಿ ಜಯಶ್ರೀಗೆ ಇದರ ತದ್ವಿರುದ್ಧವಾಯಿತು. ಅವಳು ಹತ್ತಿರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಮೊದಲು ಮಧ್ಯಾಹ್ನ ಮನೆಗೆ ಬಂದು, ಮಗಳು ಪ್ರಾಪ್ತಿಯನ್ನು ಮೇಜಿನ ಮುಂದೆ ಕೂರಿಸಿ, ಹೋಮ್‌ವರ್ಕ್ ಮಾಡಿಸಿ, ಗಂಟಲು ಒಣಗಿಸಿಕೊಂಡು ಮತ್ತೆ ಸಂಜೆಯ ಡ್ಯೂಟಿಗೆ ಹೋಗುತ್ತಿದ್ದಳು. ಕ್ಲಿನಿಕ್ಕಿನವರು ಇನ್ನೊಬ್ಬ ರಿಸೆಪ್ಷನಿಸ್ಟನ್ನು ತೆಗೆದ ಮೇಲೆ ಇವಳಿಗೆ ಆ ನಡುವಿನ ಬಿಡುವು ಹೋಯಿತು. ಹೋಮ್‌ವರ್ಕಿನ ಖಾತೆ ನನಗೆ ಬಂತು.

"ಇಕೊಳ್ಳಿ, ನಾನು ಹೇಳಿಬಿಡ್ತೇನೆ," ಎಂದಳು. "ನಾನು ಕಿರುಚಿದ್ರೆ ಮಾತ್ರ ಅವಳು ಪೆನ್ಸಿಲ್ ಹಿಡಿಯೋದು. ಇನ್ನು ಕಿರುಚ್ಲಿಕ್ಕೆ ನಾನಿಲ್ಲ. ಈ ಟರ್ಮ್ ನೋಡ್ತೇನೆ. ಅವಳಾಗಿ ಕೂತು ಹೋಮ್‌ವರ್ಕ್ ಮಾಡುವ ಹಾಗೆ ಆಗ್ಲಿಲ್ಲಾಂದ್ರೆ ಅವಳನ್ನು ಕರ್ಕೊಂಡು ನಾನು ಕಾರ್ಕಳಕ್ಕೆ ಹೋಗ್ತೇನೆ. ಅಮ್ಮನ ಮನೆಯ ಹಿಂದೆಯೇ ಶಾಲೆ ಉಂಟು. ಟೀಚರು ಪಕ್ಕದ ಮನೆಯಲ್ಲೇ ಇರೋದು."

"ಮತ್ತೆ ನಾನು?"

"ನೀವು ಬ್ಯಾಚುಲರ್ ರೂಮ್ ನೋಡಿಕೊಳ್ಳಿ. ಎಷ್ಟು ಜನ ಇಲ್ವಾ?"

ಎಷ್ಟೋ ಜನ ಇದ್ದರು. ಅದೇ ನನ್ನ ಹೆದರಿಕೆ. ಈ ವರ್ಷ ನಮ್ಮ ಬಿಲ್ಡಿಂಗಿನಲ್ಲಿ ಒಂದಲ್ಲ ಒಂದು ಮನೆಯ ಸೋಫಾ ಸದಾ ಮೆಟ್ಟಿಲಿಳಿಯುತ್ತಿತ್ತು. ವಾಟ್ಸಾಪ್ ಗುಂಪಿನಲ್ಲಿ ದೀಪಾವಳಿ ಶುಭಾಶಯಕ್ಕಿಂತ ಹೆಚ್ಚಾಗಿ ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ಫೋಟೋ ಬರುತ್ತಿತ್ತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ ಗಂಡಸರು ಒಂದೊಂದು ರೂಮಿನಲ್ಲಿ ಸೇರಿಕೊಂಡು, ದಿನಕ್ಕೊಬ್ಬರಂತೆ ದಾಲ್ ಮಾಡಿ, ಶುಕ್ರವಾರ ಒಟ್ಟಿಗೆ ಬೇಜಾರು ಪಡುತ್ತಿದ್ದರು. ನನಗೆ ಆ ಬದುಕು ಬೇಡವೇ ಬೇಡವಾಗಿತ್ತು. ಜಯಾ ಸುಮ್ಮನೆ ಹೆದರಿಸುತ್ತಿದ್ದಾಳೆ ಎಂದುಕೊಳ್ಳೋಣವೆಂದರೆ ಮರುದಿನವೇ ಕಪಾಟಿನ ಮೇಲಿದ್ದ ದೊಡ್ಡ ಸೂಟ್‌ಕೇಸ್ ಕೆಳಗಿಳಿದು, ಧೂಳು ಒರೆಸಿಕೊಂಡು, ಹಾಲಿನ ಮೂಲೆಯಲ್ಲಿ ನಿಂತಿತ್ತು. ಜಯಾ ಮಾತು ಕಡಿಮೆಯಾಡಿ ಕೆಲಸ ಮಾಡಿ ತೋರಿಸುವವಳು.

ನಾನು ಹೆದರಿದೆನಾದರೂ ಒಳಗೊಳಗೆ ಒಂದು ಹುಮ್ಮಸ್ಸೂ ಇತ್ತು. ದೊಡ್ಡ ದೊಡ್ಡ ಪೈಪ್‌ಲೈನುಗಳನ್ನು ಕಾಗದದ ಮೇಲೆ ಮುಗಿಸಿದವನಿಗೆ ನಾಲ್ಕನೇ ಕ್ಲಾಸಿನ ಲೆಕ್ಕ ಒಂದು ಕೆಲಸವೇ? ಆಫೀಸಿನಲ್ಲಿ ಹೇಗೂ ಪ್ಲಾನ್ ಮಾಡಲು ಏನೂ ಇರಲಿಲ್ಲ. ಇಡೀ ಬೆಳಿಗ್ಗೆ ಕೂತು ಪ್ರಾಪ್ತಿಯ ಹೋಮ್‌ವರ್ಕಿಗೆ ಒಂದು ಬಾರ್ ಚಾರ್ಟ್ ತಯಾರಿಸಿದೆ. ಬ್ಯಾಗ್ ತೆರೆಯುವುದು, ಪೆನ್ಸಿಲ್ ಕೆತ್ತುವುದು, ಇಂಗ್ಲಿಷ್, ಗಣಿತ, ಹಿಂದಿ, ಬ್ಯಾಗ್ ಮುಚ್ಚುವುದು. ಒಂದು ಮುಗಿಯದೆ ಇನ್ನೊಂದು ಶುರುವಾಗದಂತೆ ಬಾಣದ ಗುರುತು. ಕಲರ್ ಪ್ರಿಂಟ್ ಇಲ್ಲವಾದ್ದರಿಂದ ಮನೆಗೆ ತಂದು ಪ್ರಾಪ್ತಿಯದೇ ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿದೆ. ಬಣ್ಣ ತುಂಬುವುದರಲ್ಲಿ ಅವಳೂ ಬಹಳ ಉತ್ಸಾಹದಿಂದ ಸೇರಿಕೊಂಡಳು, ಅದರಿಂದಾಗಿ ಅವತ್ತು ಹೋಮ್‌ವರ್ಕ್ ಆಗಲಿಲ್ಲ. ಚಾರ್ಟು ಫ್ರಿಜ್ಜಿನ ಮೇಲೆ ಏರಿತು. ಪ್ರತಿ ಗುರುವಾರ ಸಂಜೆ ಪ್ರೋಗ್ರೆಸ್ ಮೀಟಿಂಗ್ ಎಂದು ಘೋಷಿಸಿದೆ.

ಇಲ್ಲಿ ನಾನು ಒಂದು ವಿಷಯ ಮರೆತಿದ್ದೆ. ಚಾರ್ಟ್ ಮಾಡುವವನು ಇದ್ದಲ್ಲಿ ಅದರಿಂದ ತಪ್ಪಿಸಿಕೊಳ್ಳುವ ಕಾಂಟ್ರಾಕ್ಟರ್ ಕೂಡ ಹುಟ್ಟಿಕೊಳ್ಳುತ್ತಾನೆ. ನನ್ನ ಮಗಳಲ್ಲಿ ಇಂಥ ಪ್ರತಿಭೆ ಅಡಗಿತ್ತೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಮೊದಲ ಮೀಟಿಂಗಿನಲ್ಲೇ, "ಪಪ್ಪಾ, ಮ್ಯಾತ್ಸ್ ಆಲ್ಮೋಸ್ಟ್ ಫಿನಿಶ್ಡ್. ನೈಂಟಿ ಪರ್ಸೆಂಟ್," ಎಂದಳು. ನೋಡಿದರೆ ಪುಟದ ಮೇಲೆ ತಾರೀಕು ಬರೆದು ಅದರ ಕೆಳಗೆ ಸ್ಕೇಲಿನಿಂದ ನೀಟಾಗಿ ಗೆರೆ ಎಳೆದಿದ್ದಳು. ಹಿಂದಿ ಏಕೆ ಶುರುವಾಗಿಲ್ಲ ಎಂದರೆ, "ಇಂಗ್ಲಿಷ್ ಮುಗೀದೆ ಹಿಂದಿ ಶುರು ಮಾಡ್ಬಾರ್ದು ಅಂತ ನೀವೇ ಆ್ಯರೋ ಹಾಕಿದ್ದಲ್ವಾ?" ಇಂಗ್ಲಿಷ್ ಏಕೆ ಮುಗಿದಿಲ್ಲ? "ಶಾರ್ಪ್‌ನರ್ ಇಲ್ಲ. ನೀವು ತಂದು ಕೊಡ್ತೇನೆ ಅಂದಿದ್ರಿ, ಕೊಡ್ಲಿಲ್ಲ." ಸೈಟಿನಿಂದ ಬರುವ ಕಾಂಟ್ರಾಕ್ಟರರು ನನ್ನೆದುರು ಇದನ್ನೇ ಹೇಳಿ ಹೇಳಿ ನನ್ನ ಕೂದಲು ನರೆತದ್ದು. ಅವರಾದರೂ ನನಗೆ ಚಹಾ ಕೊಟ್ಟು ಹೇಳುತ್ತಿದ್ದರು. ಕೊನೆಗೆ ಅವಳು, "ಮೂರು ದಿನ ಎಕ್ಸ್‌ಟ್ರಾ ಟೈಮ್ ಕೊಡಿ, ಪ್ಲೀಸ್," ಎಂದಾಗ ನಾನು ಅಭ್ಯಾಸಬಲದಿಂದ ಕೊಟ್ಟುಬಿಟ್ಟೆ. ರಾತ್ರಿ ಊಟದ ಹೊತ್ತಿಗೆ ಜಯಾ ಚಾರ್ಟನ್ನೊಮ್ಮೆ, ಸೂಟ್‌ಕೇಸನ್ನೊಮ್ಮೆ ನೋಡಿದಳು.

ಇದೇ ಸಮಯಕ್ಕೆ ಕಂಪನಿ ನಮ್ಮನ್ನು ಆಫೀಸಿಗೆ ಕರೆದೊಯ್ಯುತ್ತಿದ್ದ ವ್ಯಾನನ್ನೂ ನಿಲ್ಲಿಸಿತು. ಇನ್ನು ಮುಂದೆ ಎಲ್ಲರೂ ಸ್ವಂತ ವ್ಯವಸ್ಥೆ ಮಾಡಿಕೊಳ್ಳಬೇಕೆಂದು ನೋಟಿಸು ಬಂತು. ಇಷ್ಟು ವರ್ಷ ಒಮಾನಿನಲ್ಲಿದ್ದೂ ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ. ಇಲ್ಲಿ ಲೈಸೆನ್ಸ್ ಪಡೆಯುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಊರಿನವರಿಗಾಗಿ ಹೇಳುತ್ತೇನೆ. ಮೊದಲು ಡ್ರಮ್ ಟೆಸ್ಟ್. ಮೈದಾನದಲ್ಲಿ ನಾಲ್ಕು ಡ್ರಮ್ಮುಗಳನ್ನು ನಿಲ್ಲಿಸಿರುತ್ತಾರೆ. ಅವುಗಳ ನಡುವೆ ಕಾರನ್ನು ಹಿಂದಕ್ಕೆ ತಂದು, ಯಾವುದಕ್ಕೂ ಮುಟ್ಟಿಸದೆ ನಿಲ್ಲಿಸಬೇಕು. ಮುಟ್ಟಿದರೆ ಖಲಾಸ್, ಮನೆಗೆ ಹೋಗಿ ಮತ್ತೆ ದಿನ ಗೊತ್ತುಮಾಡಿಕೊಂಡು ಬರಬೇಕು. ಇದನ್ನು ದಾಟಲಾಗದೆ ವರ್ಷಗಟ್ಟಲೆ ಕೂತವರಿದ್ದಾರೆ. ಪಾರ್ಟಿಗಳಲ್ಲಿ ಇಬ್ಬರು ಭಾರತೀಯರು ಮಾತಿಗೆ ವಿಷಯ ಸಿಗದೆ ಕೂತಿದ್ದರೆ ಒಬ್ಬರು ಡ್ರಮ್ ಟೆಸ್ಟ್ ಎಂದರೆ ಸಾಕು, ಊಟ ಆರುವವರೆಗೂ ಮಾತು ನಡೆಯುತ್ತದೆ. ನಾನು ಮೊದಲ ಟೆಸ್ಟಿನಲ್ಲೇ ಡ್ರಮ್ ಬೀಳಿಸಿದೆ. ದೇಶವೆಲ್ಲ ಬ್ಯಾರಲ್ ಏಳಲೆಂದು ಪ್ರಾರ್ಥಿಸುತ್ತಿದ್ದಾಗ ನಾನೊಬ್ಬ ಕೆಡವುತ್ತ ತಿರುಗುತ್ತಿದ್ದೆ.

ನನಗೆ ಡ್ರೈವಿಂಗ್ ಕಲಿಸುತ್ತಿದ್ದವರು ಒಮಾನಿ ಉಸ್ತಾದರು. ಕಲಿಸುವವರನ್ನೆಲ್ಲ ಇಲ್ಲಿ ಉಸ್ತಾದ್ ಎನ್ನುವುದು ರೂಢಿ. ಕಾರಿನಲ್ಲಿ ನನ್ನ ಪಕ್ಕ ಕೂತು ಸದಾ ಫೋನಿನಲ್ಲಿ ತಮ್ಮ ಒಂಟೆಯ ಆರೋಗ್ಯ ವಿಚಾರಿಸುತ್ತಿದ್ದರು. ನಾನು ಬ್ರೇಕಿನ ಬದಲು ಇನ್ನೇನಾದರೂ ಒತ್ತಿದಾಗ ಮಾತ್ರ ಅವರಿಗೆ ನನ್ನ ನೆನಪಾಗುತ್ತಿತ್ತು. ನಾನು ಡ್ರಮ್ ಬೀಳಿಸಿದ ದಿನ ಫೋನನ್ನು ಕೆಳಗಿಟ್ಟು, ನಮ್ಮೆಲ್ಲರಿಗೂ ಅರ್ಥವಾಗುವ ಗಲ್ಫಿನ ಹಿಂದಿಯಲ್ಲಿ, "ಯಾ ಇಂಜಿನಿಯರ್, ಘರ್ ಮೇ ಕುರ್ಸಿ ಹೈ? ಚಾರ್ ಕುರ್ಸಿ ರಖೋ. ಹರ್ ರೋಜ್ ಪ್ರಾಕ್ಟಿಸ್ ಕರೋ. ಯೇ ತುಮ್ಹಾರಾ ಹೋಮ್‌ವರ್ಕ್," ಎಂದರು. ಮತ್ತೆ ಒಂಟೆಗೆ ಹಿಂದಿರುಗಿದರು.

ನಲವತ್ತು ದಾಟಿದ ಗಂಡಸಿಗೆ ಹೋಮ್‌ವರ್ಕ್! ಅವಮಾನವಾಯಿತು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆ ಬದಿ ನಿಂತು, ಬಿಳಿ ಕಿತ್ತಳೆ ಬಣ್ಣದ ಶೇರ್ ಟ್ಯಾಕ್ಸಿಗಳ ಹಿಂದಿನ ಸೀಟಿನಲ್ಲಿ ನಡುವಿನವನಾಗಿ ಕೂತು ಬರುವುದು ಅದಕ್ಕಿಂತ ದೊಡ್ಡ ಅವಮಾನವಾಗಿತ್ತು. ಸಂಜೆ ಐದು ಗಂಟೆಗೆ ಹಾಲಿನ ಟೀಪಾಯಿಯನ್ನು ಸರಿಸಿ, ಊಟದ ಮೇಜಿನ ಕುರ್ಚಿಗಳನ್ನು ಎಳೆದು ಡ್ರಮ್ಮುಗಳ ಜಾಗದಲ್ಲಿ ನಿಲ್ಲಿಸಿದೆ. ಒಂದು ಕುರ್ಚಿಯ ಮೇಲೆ ಪ್ರಾಪ್ತಿ ಪುಸ್ತಕವನ್ನು ಮುಂದಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದಳು. ಅವಳನ್ನು ಎಬ್ಬಿಸುವುದು ಬೇಡವೆಂದು ನಾಲ್ಕನೇ ಡ್ರಮ್ಮಿನ ಸ್ಥಾನಕ್ಕೆ ಮೂಲೆಯಲ್ಲಿದ್ದ ಸೂಟ್‌ಕೇಸನ್ನೇ ತಂದಿಟ್ಟೆ. ಕಂಪ್ಯೂಟರಿನ ಮುಂದಿದ್ದ ಚಕ್ರದ ಕುರ್ಚಿಯೇ ನನ್ನ ಕಾರು. ಸ್ಟೀರಿಂಗಿಗೆ ಅಡುಗೆಮನೆಯಿಂದ ಅನ್ನದ ಪಾತ್ರೆಯ ಮುಚ್ಚಳ ತಂದೆ. ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಮುಚ್ಚಳ ತಿರುಗಿಸುತ್ತ, ಕಾಲಿನಿಂದ ನೆಲ ಒದೆಯುತ್ತ ಹಿಂದೆ ಹಿಂದೆ ಹೋದೆ.

"ಡ್ರಮ್!" ಎಂದು ಕೂಗು ಕೇಳಿತು. ಸೂಟ್‌ಕೇಸ್ ಮಗುಚಿಬಿದ್ದಿತ್ತು. ಪ್ರಾಪ್ತಿಯ ಕಣ್ಣು ಗೋಡೆಯಿಂದ ನನ್ನ ಕಡೆ ತಿರುಗಿತ್ತು. ಅಷ್ಟು ಹೊಳಪನ್ನು ನಾನು ಆ ಮುಖದಲ್ಲಿ ಹೋಮ್‌ವರ್ಕಿನ ಹೊತ್ತಿನಲ್ಲಿ ಎಂದೂ ಕಂಡಿರಲಿಲ್ಲ. "ಪಪ್ಪಾ, ಎಂತ ಮಾಡ್ತಿದ್ದೀರಿ?"

"ಹೋಮ್‌ವರ್ಕ್."

"ನಿಮಗೆ ಯಾರು ಕೊಟ್ರು?"

"ನಮ್ಮ ಉಸ್ತಾದ್."

"ಮಾಡದಿದ್ರೆ?"

"ಫೇಲ್ ಮಾಡ್ತಾರೆ."

ಜಗತ್ತಿನಲ್ಲಿ ತನ್ನಂಥ ಇನ್ನೊಬ್ಬ ನತದೃಷ್ಟ ಇದ್ದಾನೆ, ಅವನು ತನ್ನ ಅಪ್ಪನೇ ಎಂಬ ವಿಷಯ ಅವಳಿಗೆ ಬಹಳ ಸಮಾಧಾನ ತಂದಂತೆ ಕಂಡಿತು. ಎದ್ದು ಬಂದು ಸೂಟ್‌ಕೇಸನ್ನು ನಿಲ್ಲಿಸಿದಳು. "ಆಯ್ತು. ನೀವು ಒಂದು ರಿವರ್ಸ್, ನಾನು ಒಂದು ಸಮ್. ಡೀಲ್?" ಎಂದಳು. ಡೀಲ್ ಎಂದೆ. ಅವಳು ಒಂದು ಲೆಕ್ಕ ಮಾಡುವವರೆಗೆ ನಾನು ಕಾಯಬೇಕು. ನಾನು ಒಮ್ಮೆ ಹಿಂದಕ್ಕೆ ಬರುವವರೆಗೆ ಅವಳು ಕಾಯಬೇಕು. ನನ್ನ ಸರದಿ ಬೇಗ ಬರಲೆಂದು, ಅಂದರೆ ನಾನು ಬೀಳಿಸುವುದನ್ನು ಬೇಗ ನೋಡಲೆಂದು, ಅವಳು ಭಾಗಾಕಾರಗಳನ್ನು ಒಂದೇ ಉಸಿರಿಗೆ ಮುಗಿಸತೊಡಗಿದಳು. ಅವತ್ತು ಗಣಿತ ಪೂರ್ತಿಯಾಯಿತು. ನನ್ನ ಸೊಂಟವೂ ಪೂರ್ತಿಯಾಯಿತು.

ಹೀಗೆ ನಮ್ಮ ಮನೆಯಲ್ಲಿ ಐದು ಗಂಟೆ ಎಂಬುದೊಂದು ಹುಟ್ಟಿಕೊಂಡಿತು. ಫ್ರಿಜ್ಜಿನ ಮೇಲಿನ ಚಾರ್ಟನ್ನು ಯಾರೂ ತೆಗೆಯಲಿಲ್ಲ, ಯಾರೂ ನೋಡಲೂ ಇಲ್ಲ. ಐದಾಗುತ್ತಿದ್ದಂತೆ ಪ್ರಾಪ್ತಿಯೇ ಟೀಪಾಯಿ ಸರಿಸುತ್ತಿದ್ದಳು, ಕುರ್ಚಿ ಎಳೆಯುತ್ತಿದ್ದಳು, ಮುಚ್ಚಳ ತಂದು ನನ್ನ ಕೈಗೆ ಕೊಡುತ್ತಿದ್ದಳು. ಬ್ಯಾಗ್ ತೆರೆ ಎಂದು ನಾನು ಹೇಳುವುದನ್ನು ಬಿಟ್ಟೇಬಿಟ್ಟೆ. ಅವಳ ಸಹವಾಸದಲ್ಲಿ ನನಗೆ ಬೇರೆ ಬೇರೆ ಸಂಗತಿಗಳೂ ತಿಳಿದವು. ಹೋಮ್‌ವರ್ಕಿಗೆ ಕೂತ ತಕ್ಷಣ ಬಾಯಾರಿಕೆಯಾಗುವುದು ನಾಟಕವಲ್ಲ, ನಿಜವಾಗಿಯೂ ಆಗುತ್ತದೆ, ನನಗೂ ಆಗುತ್ತಿತ್ತು. ಹೊರಗೆ ಐಸ್‌ಕ್ರೀಮಿನ ಗಾಡಿಯ ಸದ್ದು ಬೇರೆ ಹೊತ್ತಿಗಿಂತ ಆಗಲೇ ಹೆಚ್ಚು ಇಂಪಾಗಿ ಕೇಳುತ್ತದೆ. ಪಕ್ಕದಲ್ಲಿ ನಿಂತು ಒಬ್ಬರು, "ಅಷ್ಟೂ ಗೊತ್ತಾಗೋದಿಲ್ವಾ? ಎಡಕ್ಕೆ ತಿರುಗಿಸಿ ಅಂತ ಎಷ್ಟು ಸಲ ಹೇಳೋದು?" ಎಂದರೆ ಗೊತ್ತಿದ್ದ ಎಡವೂ ಮರೆತುಹೋಗುತ್ತದೆ. ಇದನ್ನು ಹೇಳುತ್ತಿದ್ದವಳು ಪ್ರಾಪ್ತಿ. ಅವಳ ಧ್ವನಿಯಲ್ಲಿ ಜಯಾ ಕೇಳಿಸುತ್ತಿದ್ದಳು.

ಒಂದು ದಿನ ಮಾತ್ರ ಎಲ್ಲ ಕೈಬಿಟ್ಟುಹೋಗುವುದರಲ್ಲಿತ್ತು. ಎರಡನೇ ಸಲದ ಟೆಸ್ಟಿನಲ್ಲಿ ಕೊನೆಯ ಗಳಿಗೆಯಲ್ಲಿ ಹಿಂದಿನ ಡ್ರಮ್ಮಿಗೆ ತಾಗಿಸಿ ಬಂದಿದ್ದೆ. ಅದೇ ದಿನ ಎದುರು ಫ್ಲಾಟಿನವರು ಊರಿಗೆ ಹೊರಟಿದ್ದರು. ಅವರ ಸಾಮಾನುಗಳ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಬೇಕಾಯಿತು. ಒಳಗೆ ಬಂದವನು ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಬಿದ್ದುಕೊಂಡೆ. ಐದು ಗಂಟೆಯಾಯಿತು. ನಾನು ಏಳಲಿಲ್ಲ. ಇದೆಲ್ಲ ಏಕೆ, ಹೇಗೂ ಇವರು ಕಾರ್ಕಳಕ್ಕೆ ಹೋಗುವವರು, ಲೈಸೆನ್ಸ್ ತೆಗೆದುಕೊಂಡು ನಾನೊಬ್ಬನೇ ಎಲ್ಲಿಗೆ ಹೋಗಲಿ ಎಂದು ದುಃಖವಾಗುತ್ತಿತ್ತು. ಪ್ರಾಪ್ತಿ ಬಂದು ಮುಖ ನೋಡಿದಳು. ಟೀಪಾಯಿ ಸರಿಸಿದ ಸದ್ದು ಕೇಳಿತು. ಕುರ್ಚಿಗಳು ಬಂದವು. ಸೂಟ್‌ಕೇಸ್ ಬಂತು. ಆಮೇಲೆ ನನ್ನ ಎದೆಯ ಮೇಲೆ ತಣ್ಣಗೆ ಪಾತ್ರೆಯ ಮುಚ್ಚಳ ಬಂದು ಕೂತಿತು.

"ಪಪ್ಪಾ, ತಪ್ಪಾದ್ರೆ ನಮ್ಮ ಮಿಸ್ ಎಂತ ಮಾಡ್ತಾರೆ ಗೊತ್ತುಂಟಾ? ಕರೆಕ್ಷನ್ ಬರೆಸ್ತಾರೆ. ಅಷ್ಟೇ. ಏಳಿ, ಕರೆಕ್ಷನ್ ಮಾಡುವಾ."

ಎದ್ದೆ. ಮಗಳ ಎದುರು ಕಣ್ಣೊರೆಸಿಕೊಳ್ಳುವುದು ಸರಿಯಲ್ಲವೆಂದು ಹಿಂದೆ ತಿರುಗಿ ಡ್ರಮ್ ನೋಡುವ ನೆಪದಲ್ಲಿ ಒರೆಸಿಕೊಂಡೆ.

ಮುಂದಿನ ಟೆಸ್ಟಿನಲ್ಲಿ ನಾನು ಡ್ರಮ್ಮುಗಳ ನಡುವೆ ಕಾರನ್ನು ಇಟ್ಟ ರೀತಿಯನ್ನು ನೀವು ನೋಡಬೇಕಾಗಿತ್ತು. ಟೆಸ್ಟ್ ನಡೆಸುವ ಪೊಲೀಸರು ಕಾರನ್ನೊಂದು ಸುತ್ತು ಬಂದು, "ಯಲ್ಲಾ," ಎಂದರು, ಅಂದರೆ ಆಯಿತು, ಹೊರಡು. ಉಸ್ತಾದರು ಒಂಟೆಯನ್ನು ಲೈನಿನಲ್ಲಿ ಕಾಯಿಸಿ ನನ್ನ ಕೈಕುಲುಕಿದರು. ಆಮೇಲಿನ ಇಳಿಜಾರಿನ ಟೆಸ್ಟು, ರಸ್ತೆಯ ಟೆಸ್ಟು ಎಲ್ಲವೂ ಆ ಹುಮ್ಮಸ್ಸಿನಲ್ಲೇ ಮುಗಿದವು. ಬಾಡಿಗೆ ಕಾರನ್ನು ನಾನೇ ಓಡಿಸಿಕೊಂಡು, ಜಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸಲ ಹೋದದ್ದು ಪ್ರಾಪ್ತಿಯ ಶಾಲೆಗೆ. ಅವತ್ತು ತಂದೆತಾಯಿಗಳನ್ನು ಕರೆದಿದ್ದರು. ಶಾಲೆಯ ಗೇಟಿನಲ್ಲಿ ಬೇರೆಯವರು ಜಾಗ ಸಿಗದೆ ಸುತ್ತುತ್ತಿದ್ದಾಗ ನಾನು ಎರಡು ದೊಡ್ಡ ಗಾಡಿಗಳ ನಡುವೆ ಒಂದೇ ಏಟಿಗೆ ರಿವರ್ಸ್ ಹೊಡೆದೆ. ಜಯಾ ಬಾಗಿಲಿನ ಹಿಡಿಯನ್ನು ಬಿಟ್ಟಳು.

ಕ್ಲಾಸ್ ಟೀಚರ್ ಕೇರಳದವರು, ಸುಮ್ಮಸುಮ್ಮನೆ ಹೊಗಳುವವರಲ್ಲ. ಪ್ರಾಪ್ತಿಯ ಹೆಸರು ಹೇಳುತ್ತಿದ್ದಂತೆ ನಕ್ಕರು. ಈ ಟರ್ಮಿನ ಮೊದಲ ಕೆಲವು ದಿನ ಬಿಟ್ಟರೆ ಅವಳು ಒಮ್ಮೆಯೂ ಹೋಮ್‌ವರ್ಕ್ ತಪ್ಪಿಸಿಲ್ಲವೆಂದೂ, ಮೊನ್ನೆ ತಾವು ಕೊಡಲು ಮರೆತಾಗ ಇಡೀ ಕ್ಲಾಸು ಸುಮ್ಮನಿದ್ದರೂ ಇವಳೊಬ್ಬಳು ಎದ್ದು ನಿಂತು, "ಮಿಸ್, ಹೋಮ್‌ವರ್ಕ್?" ಎಂದಳೆಂದೂ, ಉಳಿದ ಮಕ್ಕಳು ಅವಳ ಜೊತೆ ಎರಡು ದಿನ ಮಾತು ಬಿಟ್ಟರೆಂದೂ ಹೇಳಿದರು. "ಮನೆಯಲ್ಲಿ ಏನು ಮಾಡಿದ್ದೀರಿ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡೆ. ನನ್ನ ಬಾರ್ ಚಾರ್ಟಿನ ಬಗ್ಗೆ ಎಲ್ಲಿಂದ ಶುರುಮಾಡಲಿ ಎಂದು ನಾನು ಯೋಚಿಸುವಷ್ಟರಲ್ಲಿ ಜಯಾ, "ಇವರೂ ಜೊತೆಗೆ ಕೂತು ಕಲಿತರು," ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಮನೆಗೆ ಬಂದ ಮೇಲೆ ಬಟ್ಟೆ ಕೂಡ ಬದಲಿಸದೆ, "ಇದೊಂದನ್ನು ಮೇಲಿಡಿ ಮಾರಾಯ್ರೆ, ಗುಡಿಸ್ಲಿಕ್ಕೆ ಅಡ್ಡ ಆಗ್ತದೆ," ಎಂದು ಸೂಟ್‌ಕೇಸ್ ತೋರಿಸಿದಳು. ನಾನು ಅದನ್ನು ತಲೆಯ ಮೇಲೆ ಹೊತ್ತು ಕಪಾಟಿನ ಮೇಲೆ ಏರಿಸಿದೆ. ಕಪ್ ಎತ್ತಿದವರಿಗೆ ಹೇಗನಿಸುತ್ತದೆ ಎಂದು ನನಗೆ ಆಗ ಗೊತ್ತಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮರುದಿನ ಐದು ಗಂಟೆಗೆ ನಾನು ಸೋಫಾದಲ್ಲಿ ಕಾಲು ಚಾಚಿ ರಿಮೋಟ್ ಹಿಡಿದಿದ್ದೆ. ಪ್ರಾಪ್ತಿ ಬಂದು ನಿಂತಳು. "ನಿಮ್ಮ ಹೋಮ್‌ವರ್ಕ್?"

"ಮುಗೀತಲ್ಲ. ಪಾಸಾದೆ. ಖಲಾಸ್."

"ಹಾಗಾದ್ರೆ ನಂದೂ ಖಲಾಸ್," ಎಂದು ಅವಳು ತೆರೆದ ಪುಸ್ತಕವನ್ನು ಮುಚ್ಚಿಬಿಟ್ಟಳು. ನಾನು ಗಾಬರಿಯಿಂದ ರಿಮೋಟ್ ಎಸೆದು, ಕೈಗೆ ಸಿಕ್ಕ ಕಾಗದ ಪೆನ್ನು ತೆಗೆದುಕೊಂಡು ಅವಳೆದುರು ಕೂತೆ. ಏನು ಬರೆಯುವುದೆಂದು ತೋಚದೆ ನಡೆದದ್ದನ್ನೇ ಬರೆಯಲು ಶುರುಮಾಡಿದೆ. ನೀವು ಓದುತ್ತಿರುವುದು ಅದನ್ನೇ. ನಿಜ ಹೇಳಬೇಕೆಂದರೆ ಇದು ಎರಡನೇ ಪ್ರತಿ. ಮೊದಲಿನದನ್ನು ಅಕ್ಷರ ದುಂಡಗಿಲ್ಲವೆಂದು ಅವಳು ಒಪ್ಪಲಿಲ್ಲ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಹಿಂದಿ ಇದೆ, ಅರಬ್ಬಿ ಇದೆ, ಕನ್ನಡ ಇಲ್ಲ. ಆ ಧೈರ್ಯದ ಮೇಲೆಯೇ ನಾನು ಅವಳ ಬಗ್ಗೆ ಇಷ್ಟೆಲ್ಲ ಬರೆದದ್ದು. ಆದರೆ ನಿನ್ನೆಯಿಂದ ಅವಳು ಹೊಸ ವರಾತ ಹಿಡಿದಿದ್ದಾಳೆ. "ಪಪ್ಪಾ, ನನಗೆ ಕನ್ನಡ ಅಕ್ಷರ ಕಲಿಸಿ. ಓದದೆ ಕರೆಕ್ಷನ್ ಮಾಡೋದು ಹೇಗೆ?" ಎನ್ನುತ್ತಾಳೆ. ಮೊನ್ನೆ ಮೊನ್ನೆಯವರೆಗೆ ಪುಸ್ತಕ ಕಂಡರೆ ಗೋಡೆ ನೋಡುತ್ತಿದ್ದ ಮಗು ತಾನಾಗಿಯೇ ಕಲಿಯುತ್ತೇನೆ ಎಂದು ಬಂದು ನಿಂತಿದೆ. ಯಾವ ತಂದೆಗಾದರೂ ಇದಕ್ಕಿಂತ ದೊಡ್ಡ ಗೆಲುವು ಬೇಕೆ? ನಾನು ತಲೆನೋವು ಎಂದಿದ್ದೇನೆ. ಆಫೀಸಿನಲ್ಲಿ ಬಹಳ ಕೆಲಸ ಎಂದಿದ್ದೇನೆ. ಇವತ್ತು ಬೇಡ, ನಾಳೆ ಖಂಡಿತ ಎಂದಿದ್ದೇನೆ.